ಹಿತ್ತಲ ಬಾಗಿಲಿನ ಕಾಕಾ

ಹೋದ ತಿಂಗಳು ನಮ್ಮ ಕಾಕಾ ತೀರಿಕೊಂಡರು. ಚರ್ಚಿಗೆ ಒಯ್ಯುವ ಮುಂಚೆ ಪೆಟ್ಟಿಗೆಯನ್ನು ಅರ್ಧ ಗಂಟೆ ಅವರ ಮನೆಗೆ ತಂದಿದ್ದರು. ಕಪ್ಪು ಕೋಟಿನ ನಾಲ್ವರು ಅದನ್ನು ಹೆಗಲ ಮೇಲೆ ಹೊತ್ತು, ಇಕ್ಕಟ್ಟಾದ ಮುಂಬಾಗಿಲಿನಿಂದ ಹುಷಾರಾಗಿ ಹೊರಗೆ ತರುತ್ತಿದ್ದಾಗ ನನಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಪಕ್ಕದಲ್ಲಿದ್ದ ಚರ್ಚಿನ ಹೆಂಗಸೊಬ್ಬಳು ತಿರುಗಿ ನೋಡಿದಳು. ಅವಳಿಗೆ ಏನಂತ ಹೇಳಲಿ? ಈ ಮನುಷ್ಯನಿಗೆ ಮುಂಬಾಗಿಲೆಂದರೆ ಆಗದು, ಎದ್ದು ಕೂತರೆ ನಿಮ್ಮನ್ನೆಲ್ಲ ಹಿತ್ತಲ ಕಡೆಯಿಂದ ಬನ್ನಿ ಎಂದು ಬೈಯುತ್ತಾರೆ ಎನ್ನಲೇ? ಸುಮ್ಮನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಕಾಕಾ ಅಂದರೆ ನಮಗೇನೂ ಸಂಬಂಧಿಕರಲ್ಲ. ನಾನು ಧಾರವಾಡದವಳು, ಅವರು ಉಡುಪಿ ಕಡೆಯ ಕೊಂಕಣಿ ಮಾತಿನ ಕ್ರೈಸ್ತರು. ಹತ್ತೊಂಬತ್ತನೆಯ ವಯಸ್ಸಿಗೆ ಹಡಗು ಹತ್ತಿ, ಆಫ್ರಿಕದ ಪೂರ್ವ ಕರಾವಳಿಯ ಟಾಂಗಾ ಎಂಬ ಸಣ್ಣ ಊರಿಗೆ ಹೋಗಿ, ಹದಿನಾರು ವರ್ಷ ಮನೆಮನೆಯ ನೀರಿನ ಮೀಟರು ನೋಡಿ ಬರೆದುಕೊಂಡವರು. ಆಮೇಲೆ ಲಂಡನ್ನಿಗೆ ಬಂದು ವಿಮಾನ ನಿಲ್ದಾಣದ ಅಡುಗೆಮನೆಯಲ್ಲಿ ತಟ್ಟೆ ತುಂಬಿ ನಿವೃತ್ತರಾದವರು. ಹೆಂಡತಿ ಮೊದಲೇ ಹೋಗಿದ್ದರು, ಮಕ್ಕಳಿರಲಿಲ್ಲ. ಅವರ ಮನೆಯೂ ನಮ್ಮ ಮನೆಯೂ ಬೇರೆ ಬೇರೆ ಬೀದಿ. ಆದರೆ ಎರಡರ ಹಿತ್ತಲಿಗೂ ನಡುವೆ ಒಂದೇ ಓಣಿ. ನಾನು ಮೊದಲ ದಿನ ‘ಕಾಕಾ’ ಎಂದಾಗ ಅವರು ಖುಷಿಯಾಗಿ, ಟಾಂಗಾದ ಗುಜರಾತಿ ಅಂಗಡಿಯವರನ್ನೂ ಹಾಗೇ ಕರೆಯುತ್ತಿದ್ದರು, ಈಗ ನನಗೂ ಬಡ್ತಿ ಸಿಕ್ಕಿತು ಎಂದಿದ್ದರು.

ಆ ಮೊದಲ ದಿನದ ಕತೆ ಹೇಳಬೇಕು. ಅದು ತೊಂಬತ್ತೈದರ ಚಳಿಗಾಲ. ಗಂಡ ಆಸ್ಪತ್ರೆಯ ಡಾಕ್ಟರು. ಹೋದರೆಂದರೆ ಎರಡು ದಿನಕ್ಕೆ ಮುಖ ಕಾಣಬೇಕು. ಲಂಡನ್ನಿನ ಅಂಚಿನ ಹೌನ್ಸ್ಲೋದ ಸಾಲುಮನೆಯೊಂದರಲ್ಲಿ ನಾನೊಬ್ಬಳೇ. ಬಂದ ಎರಡನೇ ವಾರ ಜೋಳದ ಹಿಟ್ಟು ತರಲು ನಮ್ಮವರ ಅಂಗಡಿಗಳಿರುವ ಸೌತ್‌ಹಾಲ್‌ಗೆ ಹೋಗಿದ್ದೆ. ವಾಪಸು ಬರುವಾಗ ತಪ್ಪು ಬಸ್ಸು ಹತ್ತಿ, ಗಾಬರಿಯಲ್ಲಿ ಎಲ್ಲಿಯೋ ಇಳಿದು, ಒಂದೇ ಅಚ್ಚಿನ ಮನೆಗಳ ನಡುವೆ ಮೂರು ತಾಸು ಸುತ್ತಿದೆ. ಇಂಗ್ಲಿಷು ಓದಲು ಬರುತ್ತಿತ್ತು, ಬಾಯಿ ತೆರೆಯಲು ಬರುತ್ತಿರಲಿಲ್ಲ. ಕೊನೆಗೆ ಪೊಲೀಸರು ಗಾಡಿಯಲ್ಲಿ ಕೂರಿಸಿಕೊಂಡು ಬಂದು ಮನೆ ಮುಂದೆ ಇಳಿಸಿದರು. ಬೀದಿಯವರೆಲ್ಲ ಪರದೆ ಸರಿಸಿ ನೋಡಿದರು. ಅವತ್ತಿನಿಂದ ನಾನು ಮುಂಬಾಗಿಲು ದಾಟಲಿಲ್ಲ. ಒಂದು ತಿಂಗಳಲ್ಲ, ನಾಲ್ಕು ತಿಂಗಳು. ಊರಿಗೆ ಹೋಗಿಬಿಡುತ್ತೇನೆಂದು ಗಂಡನ ಜೊತೆ ದಿನಾ ಜಗಳ. ಸೂಟ್‌ಕೇಸು ಅರ್ಧ ತುಂಬಿ ಮಂಚದ ಕೆಳಗೆ ಇಟ್ಟಿದ್ದೆ.

ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟು ಹಳೆಯದು, ಜಿಗುಟೇ ಇಲ್ಲ. ನಾಲ್ಕನೆಯ ರೊಟ್ಟಿಯೂ ನಡುವೆ ಬಿರುಕುಬಿಟ್ಟಾಗ ಸಿಟ್ಟು ನೆತ್ತಿಗೇರಿತು. “ಹರೀಬ್ಯಾಡ ಅಂದ್ರೂ ಹರೀತಿಯಲ್ಲ, ನಿನ್ನ ಹೆಣಾ ಎತ್ಲಿ!” ಎಂದು ರೊಟ್ಟಿಗೇ ಬೈದೆ. ಹಿತ್ತಲ ಗೇಟಿನ ಆಚೆಯಿಂದ ದಪ್ಪ ದನಿಯೊಂದು, “ಹೋಡಿ!” ಎಂದಿತು. ನಾನು ಕೈಗೆ ಸಿಕ್ಕ ಲಟ್ಟಣಿಗೆ ಹಿಡಿದು ಗೋಡೆಗೆ ಅಂಟಿ ನಿಂತೆ. ಸ್ವಲ್ಪ ಹೊತ್ತಿಗೆ ಮತ್ತೆ, “ಹೋಡಿ!” ಮೂರನೆಯ ಸಲ ಕೂಗಿದ ಮೇಲೆ ಬೂಟಿನ ಸದ್ದು ದೂರವಾಯಿತು. ಮರುದಿನವೂ ಅಷ್ಟೆ, ಮೂರೇ ಸಲ. ಮೂರನೆಯ ದಿನ ನನಗೇ ತಡೆಯಲಾಗಲಿಲ್ಲ.

“ಯಾರ್ರೀ ಅದು?”

“ಅಬ್ಬ! ಬಾಯಿ ಉಂಟು,” ಎಂದಿತು ಗೇಟು. “ಇಲ್ಲಿ ಕನ್ನಡದಲ್ಲಿ ಬೈಯುವವರು ಯಾರು ಅಂತ ನೋಡಲಿಕ್ಕೆ ಬಂದದ್ದು ಮಾರಾಯ್ತಿ. ಹಿಟ್ಟಿಗೆ ಬೈದು ಪ್ರಯೋಜನ ಇಲ್ಲ. ನೀರು ಚೆನ್ನಾಗಿ ಕುದಿಸಿ ಹಾಕಬೇಕು.”

ಗೇಟು ತೆಗೆದೆ. ಇಸ್ತ್ರಿ ಮಾಡಿದ ಪ್ಯಾಂಟು, ಹೊಳೆಯುವ ಬೂಟು, ಕೈಯಲ್ಲೊಂದು ಬಿದಿರು ಕೋಲು, ಬಗಲಲ್ಲಿ ಮರಗೆಣಸಿನ ಚೀಲ. ಒಳಗೆ ಬನ್ನಿ ಎಂದರೆ ಬರಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕರವಸ್ತ್ರ ಹಾಸಿ ಕೂತರು. ಹರಿದ ರೊಟ್ಟಿಯನ್ನೇ ಕೆಂಪು ಮೆಣಸಿನಕಾಯಿಯ ಹಿಂಡಿ ಹಚ್ಚಿ ಕೊಟ್ಟೆ. ಮೂಗು, ಕಣ್ಣು, ಹಣೆ ಎಲ್ಲ ಕಡೆಯಿಂದ ನೀರು ಸುರಿಸಿಕೊಂಡು ತಿಂದು, “ಖಾರ ಹೆಚ್ಚು, ಉಪ್ಪು ಕಡಿಮೆ,” ಎಂದು ತೀರ್ಪು ಕೊಟ್ಟು ಇನ್ನೊಂದು ಕೇಳಿದರು.

ಹೋಡಿ ಎಂದರೆ ಏನು ಎಂದು ಕೇಳಿದ್ದಕ್ಕೆ ಅವರು ವಿವರಿಸಿದರು. ಟಾಂಗಾದ ಕಡೆ ಯಾರ ಮನೆಗೆ ಹೋದರೂ ಹೊರಗೆ ನಿಂತು ಹಾಗೆ ಕೂಗಬೇಕು. ಒಳಗಿನವರು ‘ಕರೀಬು’, ಬನ್ನಿ, ಎಂದರೆ ಒಳಗೆ. ಮೂರು ಸಲ ಕೂಗಿಯೂ ಉತ್ತರ ಬಾರದಿದ್ದರೆ ಬೇಸರ ಮಾಡಿಕೊಳ್ಳದೆ ತಿರುಗಿ ಹೋಗಬೇಕು. ನಾಲ್ಕನೆಯ ಸಲ ಕೂಗಿದರೆ ಅದು ಮರ್ಯಾದೆ ಅಲ್ಲ.

ನನ್ನ ಬಸ್ಸಿನ ಕತೆ ಕೇಳಿ ಅವರು ಅಯ್ಯೋ ಪಾಪ ಅನ್ನಲಿಲ್ಲ. “ಮುಂದಿನ ಬೀದಿಗೆ ಹೆದರಿಕೆ ಅಲ್ವಾ? ಹಿಂದಿನದಕ್ಕೆ ಎಂತ ಹೆದರಿಕೆ? ನಾಳೆ ಆ ನೀಲಿ ಶೆಡ್ಡಿನವರೆಗೆ ಹೋಗಿ ಬರುವ,” ಎಂದರು. ನೀಲಿ ಶೆಡ್ಡು ನಮ್ಮ ಗೇಟಿನಿಂದ ಇಪ್ಪತ್ತು ಹೆಜ್ಜೆ.

“ನನಗ ಆಗೂದಿಲ್ರಿ ಕಾಕಾ.”

“ಇಪ್ಪತ್ತು ಹೆಜ್ಜೆಗೆ ಯಾರೂ ಕಳೆದುಹೋಗುವುದಿಲ್ಲ. ಹೋದರೆ ನಾನು ಪೊಲೀಸರಿಗೆ ಫೋನು ಮಾಡ್ತೇನೆ, ಅವರಿಗೆ ನಿನ್ನ ವಿಳಾಸ ಗೊತ್ತುಂಟಲ್ಲ.”

ಎಂಥ ಮಾತು ನೋಡಿ! ಸಿಟ್ಟಿನಲ್ಲೇ ಮರುದಿನ ಹೊರಟೆ. ನೀಲಿ ಶೆಡ್ಡು, ಆಮೇಲೆ ಮುರಿದ ಬೇಲಿ, ಆಮೇಲೆ ಮೂಲೆಯ ಗ್ಯಾರೇಜು. ಹೀಗೆ ದಿನಕ್ಕಿಷ್ಟು ಎಂದು ಅವರು ನನ್ನನ್ನು ಹಿತ್ತಲ ಓಣಿಗಳಲ್ಲೇ ಊರೆಲ್ಲ ಸುತ್ತಿಸಿದರು. ಒಣಗಲು ಹಾಕಿದ ಬಟ್ಟೆ ನೋಡಿ ಮನೆಯಲ್ಲಿ ಎಷ್ಟು ಜನ ಎಂದು ಹೇಳುವುದು, ಯಾರ ಮನೆಯಲ್ಲಿ ಮೆಂತ್ಯ ಬೆಳೆದಿದೆ, ಯಾರ ಮುದುಕಿ ಇನ್ನೂ ಸಿಗರೇಟು ಬಿಟ್ಟಿಲ್ಲ, ಎಲ್ಲ ಅವರಿಗೆ ಗೊತ್ತು. ದಾರಿ ತಪ್ಪಿದರೆ ತಲೆ ಎತ್ತು ಎಂದು ಕಲಿಸಿದರು: ಚಕ್ರ ಇಳಿಸಿದ ವಿಮಾನ ನಮ್ಮ ಮೇಲೆ ಹಾದು ಪಶ್ಚಿಮದ ನಿಲ್ದಾಣಕ್ಕೇ ಹೋಗುತ್ತದೆ, ಅದನ್ನು ಬಲಕ್ಕೆ ಇಟ್ಟುಕೊಂಡು ನಡೆದರೆ ಮನೆ ಸಿಗುತ್ತದೆ. “ಗಾಳಿ ತಿರುಗಿದ ದಿನ ಮಾತ್ರ ನಂಬಬೇಡ, ಅವತ್ತು ವಿಮಾನದ ದಾರಿಯೂ ತಿರುಗ್ತದೆ,” ಎಂದೂ ಹೇಳಿದ್ದರು. ಒಂದು ದಿನ ಗಾಳಿ ತಿರುಗಿತ್ತು, ನಾನು ನಂಬಿದೆ, ಒಂದು ತಾಸು ಅಲೆದೆ. ಆದರೆ ಆ ಸಲ ಅಳು ಬರಲಿಲ್ಲ. ಎದುರು ಬಂದ ಮುದುಕನನ್ನು ನಿಲ್ಲಿಸಿ ಇಂಗ್ಲಿಷಿನಲ್ಲಿ ದಾರಿ ಕೇಳಿದೆ. ಮನೆಗೆ ಬಂದವಳೇ ಮಂಚದ ಕೆಳಗಿನ ಸೂಟ್‌ಕೇಸು ಎಳೆದು ಸೀರೆಗಳನ್ನು ಕಪಾಟಿಗೆ ವಾಪಸು ಇಟ್ಟೆ.

ನಡೆಯುವುದು ಹೌನ್ಸ್ಲೋದಲ್ಲಿ, ಮಾತೆಲ್ಲ ಟಾಂಗಾದ್ದು. ಅಲ್ಲಿ ಮೀಟರುಗಳೆಲ್ಲ ಮನೆಯ ಹಿಂದೆ. ಆಫೀಸಿನ ಕಟ್ಟಪ್ಪಣೆಯೂ ಅದೇ: ಕೆಲಸದವರು ಹಿತ್ತಲ ಓಣಿಯಲ್ಲೇ ಓಡಾಡಬೇಕು. ಹಾಗಾಗಿ ಹದಿನಾರು ವರ್ಷ ಅಲ್ಲಿದ್ದೂ ಅವರು ಊರಿನ ಮುಂಭಾಗವನ್ನು ಸರಿಯಾಗಿ ನೋಡಿದವರಲ್ಲ. ದೊಡ್ಡ ಅಂಗಡಿಗಳ ಬೋರ್ಡು ಗೊತ್ತಿಲ್ಲ, ಅವರ ಅಡುಗೆಯವರ ಹೆಸರು ಗೊತ್ತು. ಬಂದರು ನೋಡಲು ಬಂದವರಿಗೆ ಕಾಣದ ಬಾವಿಗಳು, ಹವಳದ ಕಲ್ಲಿನ ಗೋಡೆ, ಬಾದಾಮಿ ಮರದ ಕೆಳಗೆ ಹಿತ್ತಾಳೆ ಪಾತ್ರೆಯಿಂದ ಕಾಫಿ ಬಗ್ಗಿಸುವವನು, ಇವೇ ಅವರ ಟಾಂಗಾ. ಮೀಟರು ಪೆಟ್ಟಿಗೆಯ ಮುಚ್ಚಳ ಎತ್ತುವ ಮುಂಚೆ ಕೋಲಿನಿಂದ ಬಡಿಯಬೇಕಂತೆ. ಒಳಗೆ ಏಡಿಯೋ ಕಪ್ಪೆಯೋ ಹಾವೋ ಇರುತ್ತಿತ್ತು. ಹೌನ್ಸ್ಲೋದಲ್ಲೂ ಚರಂಡಿಯ ಮುಚ್ಚಳ ಕಂಡಲ್ಲೆಲ್ಲ ಕಾಕಾ ಕೋಲಿನಿಂದ ಟಕಟಕ ಬಡಿದೇ ದಾಟುತ್ತಿದ್ದರು. “ಇಲ್ಲಿ ಮನೆಗಳಿಗೆ ನೀರಿನ ಮೀಟರೇ ಇಲ್ಲ, ಎಂತ ಊರು ಮಾರಾಯ್ತಿ ಇದು,” ಎಂದು ಗೊಣಗುತ್ತಿದ್ದರು.

ದೇವರಂಥ ಮನುಷ್ಯ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಅವರೇ ನಂಬುವುದಿಲ್ಲ. ಕುತೂಹಲ ವಿಪರೀತ. ಒಮ್ಮೆ ಯಾರದೋ ಬೇಲಿಯ ಮೇಲೆ ಇಣುಕಿ, ಟೊಮ್ಯಾಟೊ ಗಿಡಕ್ಕೆ ನೀರು ಹೆಚ್ಚಾಯಿತು ಎಂದು ಉಪದೇಶ ಮಾಡಿ ಆ ಮನೆಯವಳಿಂದ ಉಗಿಸಿಕೊಂಡರು; ನಾನು ನಾಚಿಕೆಯಿಂದ ಹತ್ತು ಹೆಜ್ಜೆ ಮುಂದೆ ನಡೆದೆ. ಓಣಿಯಲ್ಲಿ ಯಾರಾದರೂ ಹಳೆ ಹಾಸಿಗೆ ಎಸೆದರೆ ಕೌನ್ಸಿಲ್‌ಗೆ ದುಂಡು ಅಕ್ಷರದಲ್ಲಿ ನಾಲ್ಕು ಪುಟದ ಪತ್ರ. ನನ್ನ ರೊಟ್ಟಿಯನ್ನು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಹೊಗಳಲಿಲ್ಲ. ಮತ್ತೆ ಆ ಹಟ: ಮೆಟ್ಟಿಲು ದಾಟಿ ಒಳಗೆ ಬರುವುದಿಲ್ಲ. ನನ್ನ ಮಗಳು ಹುಟ್ಟಿ, ನಾಮಕರಣಕ್ಕೆ ಮನೆ ತುಂಬ ಜನ. ನನ್ನ ಗಂಡ ಖುದ್ದಾಗಿ ಹೋಗಿ, “ಮುಂದಿನ ಬಾಗ್ಲಿಂದ ಬಂದು ಸೋಫಾದ ಮ್ಯಾಲೆ ಕೂಡ್ರಬೇಕ್ರಿ ಕಾಕಾ,” ಎಂದು ಕರೆದರು. ಬಂದರು, ಹಿತ್ತಲಿಂದಲೇ. ಮೆಟ್ಟಿಲ ಮೇಲೆ ಕೂತೇ ಮಗುವನ್ನು ತೊಡೆಯ ಮೇಲೆ ಹಾಕಿಸಿಕೊಂಡರು. ಒತ್ತಾಯ ಮಾಡಿದ್ದಕ್ಕೆ, “ಕರೆಯದೆ ಒಳಗೆ ಹೋಗಿ ಒಮ್ಮೆ ಕೆಟ್ಟದ್ದು ಸಾಕು,” ಎಂದರು. ಕರೆಯುತ್ತಲೇ ಇದ್ದೇವಲ್ಲ ಎಂದರೆ ಮಾತು ತಿರುಗಿಸಿದರು.

ಆ ಮಾತಿನ ಅರ್ಥ ಗೊತ್ತಾದದ್ದು ಎರಡು ಸಾವಿರದ ನಾಲ್ಕರಲ್ಲಿ. ಗಂಡನಿಗೆ ಬೇರೆ ಡಾಕ್ಟರುಗಳ ಜೊತೆ ಎರಡು ವಾರ ಟಾಂಗಾದಲ್ಲಿ ಕಣ್ಣಿನ ಶಿಬಿರಕ್ಕೆ ಹೋಗುವ ಅವಕಾಶ ಬಂತು. ನಾನೂ ಹೋಗುವುದೆಂದಾಯಿತು. ಕುಣಿಯುತ್ತ ಹೇಳಿದೆ. ಕಾಕಾ ಕರವಸ್ತ್ರ ಮಡಚಿಕೊಂಡು ಹೊರಟುಬಿಟ್ಟರು. ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಹಳೆ ಕ್ಯಾಲೆಂಡರಿನ ಹಾಳೆಯೊಂದನ್ನು ಸುರುಳಿ ಸುತ್ತಿ ತಂದರು. ಅದರ ಹಿಂದೆ ಪೆನ್ಸಿಲಿನಲ್ಲಿ ಟಾಂಗಾ. ಎಲ್ಲ ಓಣಿಗಳೇ, ಒಂದು ಮುಖ್ಯ ಬೀದಿಯೂ ಇಲ್ಲ. ಒಂದು ಮನೆಯ ಹಿತ್ತಲಿಗೆ ಮಾತ್ರ ಸುತ್ತು ಹಾಕಿದ್ದರು.

ಆ ಊರಿಗೆ ಹೋದ ಹೊಸದರಲ್ಲಿ ಅವರಿಗೆ ದಿನಾ ಅಳು ಬರುತ್ತಿತ್ತಂತೆ. ಆ ಹಿತ್ತಲಿನ ಮನೆಯಾಕೆ, ದೋಣಿ ಮಾಡುವವನ ಹೆಂಡತಿ, ತಾಯಿಯ ವಯಸ್ಸಿನವಳು. ಇವರು ಹೋಡಿ ಎಂದರೆ ಕರೀಬು ಎಂದು, ತಾನು ಒಳಗೆ ಸರಿದು, ಬಾಗಿಲ ಸಂದಿನಿಂದ ಒಂದು ಲೋಟ ಎಳನೀರು ಚಾಚುತ್ತಿದ್ದಳು. ‘ಮ್ವಾನಂಗು’ ಎನ್ನುತ್ತಿದ್ದಳು. ಅಂದರೆ ನನ್ನ ಮಗು.

“ಎಂಟು ವರ್ಷ ಹಾಗೆ,” ಎಂದರು ಕಾಕಾ. “ಒಂದು ದಿನ ಮಳೆ ಬಂತು. ಓಡಿಕೊಂಡು ಹೋದವನು ಕೂಗಲಿಕ್ಕೆ ಮರೆತೆ. ಸೀದಾ ಒಳಗೆ. ಅವಳು ನಲ್ಲಿಯ ಹತ್ತಿರ ತಲೆ ತೊಳೀತಾ ಇದ್ದಳು. ತಲೆ ಮೇಲೆ ಬಟ್ಟೆ ಇಲ್ಲ. ನನ್ನನ್ನು ನೋಡಿದಳು, ನಾನು ನೋಡಿದೆ. ಓಡಿಬಂದೆ ಮಾರಾಯ್ತಿ. ಗೋಷಾದ ಮನೆ ಅದು, ಗೊತ್ತುಂಟಾ? ಮುಂದಿನ ತಿಂಗಳು ಹೋಗಿ ಕೂಗಿದೆ. ಮೂರು ಸಲ. ಉತ್ತರ ಇಲ್ಲ. ಮರುದಿನ ನನ್ನ ಜೊತೆಯವನನ್ನು ಕಳಿಸಿದೆ, ಅವನಿಗೆ ಬಾಗಿಲು ತೆಗೆದರು. ಅವನಿಗೆ ತೆಗೀತಾರೆ, ನನಗಿಲ್ಲ. ಊರು ಬಿಡುವವರೆಗೆ ಇನ್ನೂ ಎಂಟು ವರ್ಷ, ಪ್ರತಿ ತಿಂಗಳು ಹೋಗಿ ಮೂರು ಸಲ ಕೂಗಿದ್ದೇನೆ.”

ಹೆಂಡತಿಗೂ ಹೇಳಿರಲಿಲ್ಲವಂತೆ. ಅವರು ಕಣ್ಣೊರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟರು. ಹಿಂಡಿಯ ಖಾರಕ್ಕಲ್ಲದೆ ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. “ನೀನು ಹೋಗಿ ಕೂಗು. ಅವಳಿರಲಿಕ್ಕಿಲ್ಲ, ಯಾರಾದರೂ ಇದ್ದರೆ ‘ಸಮಹಾನಿ’ ಅಂತ ಹೇಳು. ತಪ್ಪಾಯ್ತು ಅಂತ. ನೀರಿನವನು ಹೇಳಿದ ಅಂತ.”

ಟಾಂಗಾದಲ್ಲಿ ಗಂಡ ಶಿಬಿರಕ್ಕೆ ಹೋದ ಮೇಲೆ ನಾನು ಹಾಳೆ ಹಿಡಿದು ನಡೆದೆ. ಮಾರ್ಕೆಟ್ಟಿನ ಹಿಂದಿನಿಂದ ಓಣಿಗೆ ಇಳಿದೆ. ಕಾಕಾ ಬಿಟ್ಟು ಮೂವತ್ತೆಂಟು ವರ್ಷವಾದರೂ ಊರಿನ ಬೆನ್ನು ಬದಲಾಗಿರಲಿಲ್ಲ. ಮುಂದಿನ ಬೀದಿಗಳಿಗೆ ಮೊಬೈಲು ಅಂಗಡಿ, ಹೊಸ ಬಣ್ಣ ಎಲ್ಲ ಬಂದಿದ್ದವು. ಹಿಂದೆ ಅದೇ ಹವಳದ ಕಲ್ಲಿನ ಗೋಡೆ, ಕಟ್ಟೆ ಮುರಿದ ಬಾವಿ. ಹೆಂಗಸೊಬ್ಬಳು ನಮ್ಮ ಈಳಿಗೆಮಣೆಯಂಥದೇ ಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದವನೊಬ್ಬ ನನ್ನ ಸೀರೆ ನೋಡಿ ಸಲಾಮು ಮಾಡಿದ. ಬಾದಾಮಿ ಮರ ಇತ್ತು, ಕಾಫಿಯವನು ಮಾತ್ರ ಬೇರೆ. ಇನ್ನೊಬ್ಬರ ಕಾಲಿನ ನೆನಪಿನಲ್ಲಿ ಇಷ್ಟು ಧೈರ್ಯವಾಗಿ ನಡೆಯುತ್ತಿದ್ದೇನಲ್ಲ, ಇಪ್ಪತ್ತು ಹೆಜ್ಜೆಗೆ ಹೆದರಿದವಳು ನಾನೇ ಏನು ಎಂದು ಆಶ್ಚರ್ಯವಾಯಿತು.

ಸುತ್ತು ಹಾಕಿದ ಹಿತ್ತಲು ಸಿಕ್ಕಿತು. ಹಸಿರು ಬಣ್ಣ ಮಾಸಿದ ಹಲಗೆ ಬಾಗಿಲು. ಗಂಟಲು ಸರಿಮಾಡಿಕೊಂಡು ಕೂಗಿದೆ. “ಹೋಡಿ!” ಉತ್ತರವಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಕೂಗಿ ಬಾಗಿಲಿಗೆ ಕಿವಿ ಇಟ್ಟೆ. ಕೋಳಿಯೊಂದು ಮಾತ್ರ ಮಾತಾಡಿತು. ತಿರುಗಿ ಹೋಗಬೇಕು, ಅದೇ ಮರ್ಯಾದೆ. ಆದರೆ ಮೆಟ್ಟಿಲ ಮೇಲೆ ಕೂತ ಕಾಕಾನ ಮುಖ ಕಣ್ಣ ಮುಂದೆ ಬಂತು. ಬರಿಗೈಯಲ್ಲಿ ಹೋಗಿ ಏನು ಹೇಳಲಿ? ನಾಲ್ಕನೆಯ ಸಲ ಕೂಗುವುದಿಲ್ಲ, ಮುಂದಿನಿಂದ ಹೋಗುತ್ತೇನೆ ಎಂದು ಹೊರಟೆ. ಹಾಳೆಯಲ್ಲಿ ಮುಂದಿನ ಬೀದಿಯೇ ಇಲ್ಲವಲ್ಲ, ಎರಡು ಸಲ ಬೇರೆ ಮನೆಯ ಮುಂದೆ ನಿಂತೆ.

ಆ ಕಡೆಯ ಮನೆಗಳಿಗೆ ಬೀದಿಯ ಪಕ್ಕ ಜಗಲಿ ಇರುತ್ತದೆ. ಬಂದವರನ್ನು ಅಲ್ಲಿ ಕೂರಿಸಿ ಕಾಫಿ ಕೊಡುತ್ತಾರೆ. ಜಗಲಿಯ ಮೇಲೆ ಐವತ್ತೈದು ಅರವತ್ತರ ಹೆಂಗಸೊಬ್ಬರು ಅಕ್ಕಿ ಆರಿಸುತ್ತಿದ್ದರು. ನಿವೃತ್ತ ಶಾಲಾ ಟೀಚರು, ಇಂಗ್ಲಿಷು ನನಗಿಂತ ಚೆನ್ನಾಗಿತ್ತು. ದೋಣಿ ಮಾಡುವವನ ಮಗಳೇ ಅವರು. ನಾನು ಮೊದಲು ಸಮಹಾನಿ ಎಂದೆ, ಆಮೇಲೆ ನೀರಿನವನ ಕತೆಯನ್ನೂ ಈಗಷ್ಟೇ ನಾನು ಮೂರು ಸಲ ಕೂಗಿದ್ದನ್ನೂ ಹೇಳಿದೆ. ಅವರ ಕೈ ಮೊರದ ಮೇಲೆ ನಿಂತಿತು.

“ಎಲ್ಲಿ ನಿಂತು ಕೂಗಿದಿರಿ?” ಎಂದು ಕೇಳಿದರು.

“ಹಿಂದೆ.”

“ನೀವೂ ಹಿಂದೆಯೇ!” ಎಂದು ಅವರು ಜೋರಾಗಿ ನಕ್ಕರು, ನಗುತ್ತಲೇ ಕಣ್ಣು ತುಂಬಿಕೊಂಡರು. “ಅಮ್ಮನಿಗೆ ಸಿಟ್ಟು ಒಂದೇ ದಿನ. ಆಮೇಲೆ ಅಪ್ಪನಿಗೆ ಹೇಳಿದಳು, ಆ ಹುಡುಗ ಮನೆಯ ಒಳಗನ್ನು ನೋಡಿಬಿಟ್ಟ, ಇನ್ನು ಅವನು ಆಫೀಸಿನವನಲ್ಲ, ಮನೆಯವನು. ಮನೆಯವನು ಮುಂದಿನಿಂದ ಬರಬೇಕು. ಬಂದರೆ ಈ ಜಗಲಿಯ ಮೇಲೆ ಕೂರಿಸಿ ಕಾಫಿ ಕೊಡಿ, ಅಲ್ಲಿಗೆ ಮುಗೀತು. ನಾವು ಕಾದೆವು. ಅವನು ಪ್ರತಿ ತಿಂಗಳು ಹಿಂದೆ ಬಂದು ಕೂಗುತ್ತಿದ್ದ. ಅಮ್ಮ ಒಳಗೆ ಕೂತು, ಈ ಕಡೆ ಬಾರೋ ದಡ್ಡ, ಈ ಕಡೆ ಬಾರೋ ಎಂದು ಮೆಲ್ಲಗೆ ಹೇಳುತ್ತಿದ್ದಳು. ನಾನು ಸಣ್ಣವಳು, ಪಕ್ಕದಲ್ಲೇ ಇರುತ್ತಿದ್ದೆ.”

“ಹೇಳಿ ಕಳಿಸಬಹುದಿತ್ತಲ್ಲ?”

“ನಾನೂ ಕೇಳಿದ್ದೆ. ಹೇಳಿ ಕರೆಸಿಕೊಂಡರೆ ತಪ್ಪು ಒಪ್ಪಿಸಿದ ಹಾಗೆ. ಮಗ ತಾನಾಗಿ ಬರಬೇಕು ಅಂದಳು.”

ಆ ತಾಯಿ ಹೋಗಿ ಬಹಳ ವರ್ಷವಾಗಿತ್ತು. ನನ್ನನ್ನು ಜಗಲಿಯ ಮೇಲೆ ಕೂರಿಸಿ ಸಣ್ಣ ಬಟ್ಟಲಿನಲ್ಲಿ ಶುಂಠಿ ಹಾಕಿದ ಕಾಫಿ ಕೊಟ್ಟರು. ಇದು ಕುಡಿಯಬೇಕಾದವರು ನಾನಲ್ಲ ಎನಿಸಿತು.

ಲಂಡನ್ನಿಗೆ ಬಂದ ಮರುದಿನ ಎಲ್ಲ ಹೇಳಿದೆ. ಕಾಕಾ ಮೆಟ್ಟಿಲ ಮೇಲೆ ಕೂತು ಕೋಲಿನ ತುದಿಯನ್ನೇ ನೋಡುತ್ತ ಕೇಳಿದರು. ಕಡೆಗೆ, “ಎಂಟು ವರ್ಷ,” ಎಂದರು. “ಇನ್ನೂರು ಹೆಜ್ಜೆ ಸುತ್ತಿ ಹೋಗಿದ್ದರೆ ಆಗ್ತಿತ್ತು. ಎಂತ ದಡ್ಡ ಮಾರಾಯ್ತಿ ನಾನು.” ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಒಂದು ವಾರ ಹೋಡಿ ಕೇಳಲಿಲ್ಲ. ಹೇಳಬಾರದಿತ್ತೇನೋ, ಮುದುಕರ ನೆಮ್ಮದಿ ಕೆಡಿಸಿದೆನೇನೋ ಎಂದು ನಾನು ಒದ್ದಾಡಿದೆ. ಎರಡು ಸಲ ಅವರ ಹಿತ್ತಲ ಗೇಟಿನವರೆಗೆ ಹೋಗಿ ಕೂಗದೆ ಬಂದೆ.

ಇವತ್ತು ನಾನು ಕೌನ್ಸಿಲ್‌ನ ದುಭಾಷಿಯಾಗಿ ಮನೆಮನೆಗೆ ನಡೆದು ಹೋಗುತ್ತೇನೆ. ನಾಲ್ಕು ತಿಂಗಳು ಬಾಗಿಲು ಹಾಕಿಕೊಂಡು ಕೂತ ಹೊಸ ಹೆಣ್ಣುಮಕ್ಕಳನ್ನು ನೋಡುತ್ತೇನೆ. ಅವರ ಮುಂದೆ ಕೂತು ಮೊದಲು ಇಪ್ಪತ್ತು ಹೆಜ್ಜೆಯ ಮಾತೇ ಆಡುತ್ತೇನೆ. ಈ ಊರು ನನಗೆ ಊರಾದದ್ದು, ನನ್ನ ಸಂಸಾರ ಉಳಿದದ್ದು ಆ ಕಾಕಾನ ಕೋಲಿನ ಹಿಂದೆ ನಡೆದಿದ್ದರಿಂದ. ಅವರಿರುವಾಗ ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ರೊಟ್ಟಿಗೆ ಉಪ್ಪು ಕಡಿಮೆ ಎಂದುಬಿಡುತ್ತಿದ್ದರು. ಅವರಿಗೆ ನಾನು ಕೊಟ್ಟದ್ದು ಒಂದೇ, ಆ ಜಗಲಿಯ ಸುದ್ದಿ. ಅದಾದರೂ ಒಳ್ಳೆಯದಾಯಿತೇ ಎಂಬುದು ಅದನ್ನು ಹೇಳಿದ ಎಂಟನೆಯ ದಿನ, ಒಂದು ಭಾನುವಾರ, ಗೊತ್ತಾಯಿತು.

ಬೆಳಿಗ್ಗೆ ಹನ್ನೊಂದರ ಸುಮಾರು. ಒಗ್ಗರಣೆಗೆ ಇಟ್ಟಿದ್ದೆ. ಮುಂಬಾಗಿಲಿನ ಗಂಟೆ ಸದ್ದಾಯಿತು. ಏಳು ವರ್ಷದ ಮಗಳು ಓಡಿಹೋಗಿ ಬಾಗಿಲು ತೆಗೆದವಳು, ಅಲ್ಲಿಂದಲೇ ಕಿರುಚಿದಳು.

“ಅಮ್ಮಾ! ಕಾಕಾ ಈಸ್ ಅಟ್ ದ ರಾಂಗ್ ಡೋರ್!”

ಕೈ ಒರೆಸಿಕೊಳ್ಳುತ್ತ ಹೋದೆ. ಚರ್ಚಿನ ಸೂಟು, ಟೈ, ಹೊಳೆಯುವ ಬೂಟು. ಕೈಯಲ್ಲಿ ಕೋಲಿರಲಿಲ್ಲ, ಹಿಡಿಯಲು ಏನೂ ಇಲ್ಲದೆ ಎರಡು ಕೈಯನ್ನೂ ಜೋಡಿಸಿ ಹಿಡಿದುಕೊಂಡಿದ್ದರು. ಬೀದಿಯವರು ಪರದೆ ಸರಿಸಿ ನೋಡುತ್ತಿದ್ದರೋ ಏನೋ, ನನಗೆ ಗಮನವಿರಲಿಲ್ಲ. ಅವರು ನನ್ನ ಮುಖ ನೋಡಲಿಲ್ಲ, ಹೊಸ್ತಿಲನ್ನೇ ನೋಡುತ್ತ, ಯಾವತ್ತಿನ ದಪ್ಪ ದನಿಯಲ್ಲಲ್ಲ, ಬಹಳ ಮೆಲ್ಲಗೆ, “ಹೋಡಿ,” ಎಂದರು.

ಎರಡನೆಯ ಸಲ ಕೂಗಲು ನಾನು ಬಿಡಲಿಲ್ಲ.

“ಕರೀಬು,” ಎಂದೆ.